ಓದುಗರ ಪ್ರಶ್ನೆಗೆ ಉತ್ತರ: ಕೊನೆಯಿಂದ ಕೇಳಬೇಕಾದ ಒಂದು ಆಲ್ಬಂ

ಅಮೆರಿಕದ ರ‍್ಯಾಪ್ ಕಲಾವಿದ ಡಿಎಂಎಕ್ಸ್ ಅವರ ಕೊನೆಯ ಸ್ಟುಡಿಯೋ ಆಲ್ಬಂ ‘ಎಕ್ಸೋಡಸ್’ ಕುರಿತು ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಕೆಲವು ಆಕ್ಷೇಪಗಳಾಗಿದ್ದವು, ಕೆಲವು ನಿಜವಾದ ಕುತೂಹಲದಿಂದ ಕೇಳಿದವುಗಳಾಗಿದ್ದವು, ಒಂದು ಪತ್ರವಂತೂ ಓದಿದ ಮೇಲೆ ಬಹಳ ಹೊತ್ತು ನನ್ನನ್ನು ಬಿಡಲಿಲ್ಲ. ಹೀಗಾಗಿ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಇದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಸಿನಿಮಾಗಳ ಮೂಲಕ ಡಿಎಂಎಕ್ಸ್ ಹಾಡುಗಳ ರುಚಿ ಹತ್ತಿಸಿಕೊಂಡವನು ನಾನು. ‘ಎಕ್ಸೋಡಸ್’ ಹಾಕಿದರೆ ಯಾವ ಹಾಡಿನಲ್ಲಿ ನೋಡಿದರೂ ಇನ್ಯಾರೋ ಹಾಡುತ್ತಿರುತ್ತಾರೆ. ತೀರಿಕೊಂಡ ಏಳೇ ವಾರಕ್ಕೆ ಆಲ್ಬಂ ಮಾರುಕಟ್ಟೆಗೆ ಬಂದಿದೆ ಎಂದರೆ, ಉಳಿದುಬಿದ್ದ ತುಣುಕುಗಳನ್ನು ಹೊಲಿದು ಮಾರಿದ್ದಾರೆ ಎಂಬ ಅನುಮಾನ ನನಗಿದೆ. ಇದನ್ನು ಅವರದೇ ಆಲ್ಬಂ ಎಂದು ಹೇಗೆ ಒಪ್ಪಿಕೊಳ್ಳುವುದು?
(ಓದುಗರು, ಹುಬ್ಬಳ್ಳಿ)

ಉತ್ತರ: ನಿಮ್ಮ ಅನುಮಾನ ಸಹಜವಾದದ್ದು. ಕಲಾವಿದ ಕಣ್ಣು ಮುಚ್ಚಿದ ಮೇಲೆ ಅವನು ಬಿಟ್ಟುಹೋದ ಧ್ವನಿಯನ್ನು ಎಳೆದೆಳೆದು ಹಾಡು ಮಾಡಿ ಮಾರುವ ರೂಢಿ ರ‍್ಯಾಪ್ ಲೋಕದಲ್ಲಿ ಬಹಳ ಕಾಲದಿಂದ ಇದೆ. 1996ರಲ್ಲಿ ಹತ್ಯೆಯಾದ ಟೂಪಾಕ್ ಶಕೂರ್ ಅವರ ಹೆಸರಿನಲ್ಲಿ ಆಮೇಲೆ ವರ್ಷಾನುಗಟ್ಟಲೆ ಹೊಸ ಆಲ್ಬಂಗಳು ಬರುತ್ತಲೇ ಇದ್ದವು. ಆದರೆ ‘ಎಕ್ಸೋಡಸ್’ ಅನ್ನು ಆ ಸಾಲಿಗೆ ಸೇರಿಸುವುದು ಸರಿಯಲ್ಲ.

ಘಟನೆಗಳು ನಡೆದ ಕ್ರಮವನ್ನು ನೋಡಿ. ಡಿಎಂಎಕ್ಸ್ 2019ರ ಜನವರಿಯಲ್ಲಿ ಜೈಲಿನಿಂದ ಹೊರಬಂದರು. ಅದೇ ವರ್ಷ ತಮ್ಮ ಹಳೆಯ ರೆಕಾರ್ಡ್ ಕಂಪನಿಯಾದ ಡೆಫ್ ಜಾಮ್ ಜೊತೆ ಮತ್ತೆ ಒಪ್ಪಂದ ಮಾಡಿಕೊಂಡರು. 2020ರ ಜುಲೈನಲ್ಲಿ ‘ವರ್ಜುಜ್’ ಎಂಬ ಆನ್‌ಲೈನ್ ಕಾರ್ಯಕ್ರಮದಲ್ಲಿ ಇನ್ನೊಬ್ಬ ರ‍್ಯಾಪ್ ಕಲಾವಿದ ಸ್ನೂಪ್ ಡಾಗ್ ಎದುರು ಕುಳಿತು ಹಾಡಿಗೆ ಹಾಡು ಜೋಡಿಸಿದರು. ಅದರ ಬೆನ್ನಿಗೇ, ಲಾಸ್ ಏಂಜಲೀಸಿನಲ್ಲಿರುವ ಸ್ನೂಪ್ ಅವರ ಸ್ಟುಡಿಯೋದಲ್ಲಿ ಈ ಆಲ್ಬಂನ ಕೆಲಸ ಬಿರುಸಾಗಿ ನಡೆಯಿತು. 2021ರ ಫೆಬ್ರವರಿಯಲ್ಲಿ, ಅಂದರೆ ಸಾಯುವುದಕ್ಕೆ ಎರಡು ತಿಂಗಳು ಮೊದಲು, ಒಂದು ಸಂದರ್ಶನದಲ್ಲಿ ಅವರು ಮುಂದಿನ ಆಲ್ಬಂನಲ್ಲಿ ತಮ್ಮೊಂದಿಗೆ ಹಾಡಿದವರ ಹೆಸರುಗಳನ್ನು ಸ್ವತಃ ಹೇಳಿಕೊಂಡಿದ್ದರು. ಬೋನೋ, ಲಿಲ್ ವೇನ್, ಅಲಿಸಿಯಾ ಕೀಸ್, ಅಷರ್ ಮುಂತಾದವರನ್ನು ಕರೆತಂದದ್ದು ಸಾವಿನ ನಂತರ ಕಂಪನಿಯವರು ಮಾಡಿದ ಏರ್ಪಾಡಲ್ಲ ಎಂಬುದಕ್ಕೆ ಆ ಮಾತೇ ಸಾಕ್ಷಿ. 2021ರ ಏಪ್ರಿಲ್ 2ರಂದು ಅವರಿಗೆ ಹೃದಯಾಘಾತವಾಯಿತು. ಏಪ್ರಿಲ್ 9ರಂದು ನ್ಯೂಯಾರ್ಕ್ ರಾಜ್ಯದ ವೈಟ್ ಪ್ಲೇನ್ಸ್ ಆಸ್ಪತ್ರೆಯಲ್ಲಿ, 50ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮೇ 28ರಂದು ಆಲ್ಬಂ ಬಿಡುಗಡೆಯಾಯಿತು. ಏಳು ವಾರ ಕಡಿಮೆಯಾಯಿತು ಎಂದು ನಿಮಗೆ ಅನ್ನಿಸಿದೆ. ನನಗಾದರೋ ಆ ಏಳು ವಾರವೇ, ಕೆಲಸ ಮೊದಲೇ ಬಹುಮಟ್ಟಿಗೆ ಮುಗಿದಿತ್ತು ಎಂಬುದರ ಗುರುತಾಗಿ ಕಾಣುತ್ತದೆ.

ಇನ್ನೊಂದು ವಿಷಯವನ್ನೂ ಇಲ್ಲಿ ಹೇಳಬೇಕು. ಆಲ್ಬಂ ಅನ್ನು ಕೂಡಿಸಿ ಕೊಟ್ಟವರು ಸಂಗೀತ ನಿರ್ಮಾಪಕ ಸ್ವಿಜ್ ಬೀಟ್ಸ್. 1998ರಲ್ಲಿ ಡಿಎಂಎಕ್ಸ್ ಅವರ ಮೊದಲ ಆಲ್ಬಂ ಬಂದಾಗ ಸ್ವಿಜ್ ಇನ್ನೂ ಹದಿಹರೆಯ ದಾಟದ ಹುಡುಗ. ಡಿಎಂಎಕ್ಸ್ ಅವರನ್ನು ಬೆಳಕಿಗೆ ತಂದ ರಫ್ ರೈಡರ್ಸ್ ಸಂಸ್ಥೆಯನ್ನು ಕಟ್ಟಿದವರು ಈ ಹುಡುಗನ ಚಿಕ್ಕಪ್ಪ, ಅತ್ತೆಯ ವರಸೆಯವರು. ಆಗ ಸ್ವಿಜ್ ಕಟ್ಟಿಕೊಟ್ಟ ಒಂದು ಬೀಟ್, ಅಂದರೆ ಹಾಡಿನ ಹಿನ್ನೆಲೆಯ ತಾಳ, ಡಿಎಂಎಕ್ಸ್ ಅವರಿಗೆ ಮೊದಲು ಹಿಡಿಸಿರಲಿಲ್ಲ. ಒತ್ತಾಯಕ್ಕೆ ಹಾಡಿದ ಅದೇ ಹಾಡು ಆಮೇಲೆ ಇಡೀ ರಫ್ ರೈಡರ್ಸ್ ಬಳಗದ ನಾಡಗೀತೆಯಂತಾಯಿತು. ಮೊದಲ ಆಲ್ಬಂನಲ್ಲಿ ತಾಳ ಹಾಕಿದ ಕೈಯೇ ಕೊನೆಯ ಆಲ್ಬಂಗೂ ತಾಳ ಹಾಕಿದೆ. ಯಾರೋ ಹೊರಗಿನವರು ಬಂದು ಸತ್ತವರ ಪೆಟ್ಟಿಗೆ ತೆರೆದು ಮಾಡಿದ ಕೆಲಸ ಇದಲ್ಲ.

ಆದರೂ ನಿಮ್ಮ ಪತ್ರದ ಒಂದು ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ: ಅತಿಥಿಗಳು ಹೆಚ್ಚಾದರು. 13 ತುಣುಕುಗಳ, 40 ನಿಮಿಷವೂ ಇಲ್ಲದ ಆಲ್ಬಂನಲ್ಲಿ ಮನೆಯ ಯಜಮಾನ ಮಾತನಾಡಲು ಬಾಯಿ ತೆರೆಯುವಷ್ಟರಲ್ಲಿ ನೆಂಟರು ಮಾತು ಮುಂದುವರಿಸುವ ಹಾಗೆ ಮೊದಲರ್ಧ ಸಾಗುತ್ತದೆ. ಎಲ್ಲ ಅತಿಥಿಗಳೂ ಒಂದೇ ಬಗೆಯವರಲ್ಲ. ಮೊದಲ ಹಾಡಿನಲ್ಲಿರುವ ‘ದಿ ಲಾಕ್ಸ್’ ತಂಡದ ಮೂವರು ಡಿಎಂಎಕ್ಸ್ ಅವರ ಊರಾದ ಯಾಂಕರ್ಸ್‌ನವರು. ಅವರ ನಡುವಿನ ಸಲುಗೆ ಆ ಹಾಡಿನಲ್ಲಿ ತಾನಾಗಿ ಕೇಳುತ್ತದೆ. ಎರಡನೆಯ ಹಾಡಿನಲ್ಲಿ ಜೇ-ಜೀ ಮತ್ತು ನಾಸ್ ಇದ್ದಾರೆ. ಹೆಸರು ಮಾಡುವ ಮೊದಲು ಡಿಎಂಎಕ್ಸ್ ಮತ್ತು ಜೇ-ಜೀ ಬ್ರಾಂಕ್ಸ್‌ನ ಒಂದು ಬಿಲಿಯರ್ಡ್ಸ್ ಅಂಗಡಿಯಲ್ಲಿ ಮುಖಾಮುಖಿ ನಿಂತು ಪದಕ್ಕೆ ಪದ ಹೊಸೆದು ಸ್ಪರ್ಧಿಸಿದ ಕಥೆಯನ್ನು ನ್ಯೂಯಾರ್ಕಿನ ರ‍್ಯಾಪ್ ಬಲ್ಲವರು ಇಂದಿಗೂ ಹೇಳುತ್ತಾರೆ. ಅವರಿಬ್ಬರನ್ನೂ ನಾಸ್ ಅವರನ್ನೂ ಒಂದೇ ಹಾಡಿನಲ್ಲಿ ಕೇಳುವುದಕ್ಕೆ ಅದರದೇ ಆದ ತೂಕವಿದೆ. 2022ರ ಗ್ರ್ಯಾಮಿ ಸಂಗೀತ ಪ್ರಶಸ್ತಿಗಳಲ್ಲಿ ಅತ್ಯುತ್ತಮ ರ‍್ಯಾಪ್ ಹಾಡಿನ ವಿಭಾಗಕ್ಕೆ ಅದು ನಾಮನಿರ್ದೇಶನಗೊಂಡಿತ್ತು. ಬಫಲೋ ಊರಿನ ವೆಸ್ಟ್‌ಸೈಡ್ ಗನ್, ಬೆನ್ನಿ ದ ಬುಚರ್, ಕಾನ್ವೇ ದ ಮಷೀನ್ ಸೇರಿದ ಎಂಟನೆಯ ಹಾಡೂ ಅಷ್ಟೇ ಸಹಜವಾಗಿದೆ, ಏಕೆಂದರೆ ಡಿಎಂಎಕ್ಸ್ ಹಾಕಿಕೊಟ್ಟ ಒರಟು ದಾರಿಯಲ್ಲೇ ನಡೆದು ಬಂದವರು ಅವರು. ಆದರೆ ರಾಕ್ ಗಾಯಕ ಬೋನೋ ಜೊತೆಗಿನ ಹಾಡು ನನ್ನ ಕಿವಿಗೆ ಬೇರೆ ಯಾವುದೋ ಆಲ್ಬಂನಿಂದ ತಂದು ಇಟ್ಟಂತೆ ಕೇಳಿಸಿತು. ನಾಲ್ಕನೆಯ ಹಾಡನ್ನು ಎರಡು ಸಲ ಕೇಳಿದ ಮೇಲೆ ಮೂರನೆಯ ಸಲ ಕೇಳಬೇಕೆನಿಸಲಿಲ್ಲ.

ಆದ್ದರಿಂದ ನಿಮಗೆ ನನ್ನ ಸಲಹೆ ಇಷ್ಟು: ಈ ಆಲ್ಬಂ ಅನ್ನು ಒಮ್ಮೆ ಕೊನೆಯಿಂದ ಕೇಳಿ. ಹತ್ತನೆಯ ತುಣುಕಿನಿಂದ ಹದಿಮೂರನೆಯದರವರೆಗೆ ಮೊದಲು ಕೇಳಿ, ಆಮೇಲೆ ಆರಂಭಕ್ಕೆ ಹೋಗಿ. ಆಗ ಇದು ಯಾರ ಆಲ್ಬಂ ಎಂಬ ಪ್ರಶ್ನೆ ನಿಮ್ಮಲ್ಲಿ ಉಳಿಯಲಾರದು ಎಂದು ನಾನು ನಂಬುತ್ತೇನೆ.

ಪ್ರಶ್ನೆ: ‘ಹಾರ್ಡ್‌ಕೋರ್ ಹಿಪ್ ಹಾಪ್’ ಎಂದು ನೀವು ಬರೆದಿರಿ. ಉಳಿದ ರ‍್ಯಾಪ್‌ಗೂ ಇದಕ್ಕೂ ಏನು ವ್ಯತ್ಯಾಸ? ಡಿಎಂಎಕ್ಸ್ ಎಂಬ ಹೆಸರಿಗೆ ಅರ್ಥವೇನಾದರೂ ಇದೆಯೇ?
(ಕಾಲೇಜು ವಿದ್ಯಾರ್ಥಿ, ದಾವಣಗೆರೆ)

ಉತ್ತರ: 1980ರ ದಶಕದಲ್ಲಿ ಅಮೆರಿಕದ ಪೂರ್ವ ಕರಾವಳಿಯ ನಗರಗಳಲ್ಲಿ ರೂಪುಗೊಂಡ ಈ ಶೈಲಿಯಲ್ಲಿ ಬೀಟ್ ಗಡುಸಾಗಿರುತ್ತದೆ, ಹೇಳುವ ದನಿಯಲ್ಲಿ ರೊಚ್ಚು ಇರುತ್ತದೆ, ಬಡ ಕೇರಿಗಳ ಹೊಡೆದಾಟ, ಪೊಲೀಸು, ಹಸಿವು, ಮಾದಕ ವಸ್ತು ಇವನ್ನೆಲ್ಲ ನಯಗೊಳಿಸದೆ ಹೇಳಲಾಗುತ್ತದೆ. ಕುಣಿಸುವುದಕ್ಕಿಂತ ಎದುರಿಗೆ ನಿಂತು ಕೇಳುವಂತೆ ಮಾಡುವುದು ಅದರ ಗುಣ.

ಹೆಸರಿನ ವಿಚಾರಕ್ಕೆ ಬಂದರೆ, ಡಿಎಂಎಕ್ಸ್ ಎಂಬುದು ಓಬರ್‌ಹೈಮ್ ಕಂಪನಿಯ ಒಂದು ಡ್ರಮ್ ಯಂತ್ರದ ಹೆಸರು. 1970ರ ಡಿಸೆಂಬರ್ 18ರಂದು ಮೌಂಟ್ ವರ್ನನ್‌ನಲ್ಲಿ ಹುಟ್ಟಿ ಯಾಂಕರ್ಸ್‌ನಲ್ಲಿ ಬೆಳೆದ ಅರ್ಲ್ ಸಿಮನ್ಸ್ ಎಂಬ ಹುಡುಗ, ರ‍್ಯಾಪ್ ಹೇಳುವುದಕ್ಕಿಂತ ಮೊದಲು ಬಾಯಿಯಿಂದಲೇ ತಾಳ ನುಡಿಸುತ್ತಿದ್ದ. ಆ ಯಂತ್ರದ ಹೆಸರನ್ನೇ ತನಗಿಟ್ಟುಕೊಂಡ. ಮುಂದೆ ಅದನ್ನು ‘ಡಾರ್ಕ್ ಮ್ಯಾನ್ ಎಕ್ಸ್’ ಎಂದೂ ಬಿಡಿಸಿ ಹೇಳಿದ್ದುಂಟು. ನಾಯಿಯಂತೆ ಬೊಗಳುವ, ಗುರುಗುಟ್ಟುವ ಅವರ ದನಿಯನ್ನು ನೀವು ಕೇಳಿರಬಹುದು. ಮನೆಯಲ್ಲಿ ಹೊಡೆತ ತಿಂದು, ಬಾಲಕರ ವಸತಿಗೃಹಗಳಲ್ಲಿ ಕಾಲ ಕಳೆದು, ರಾತ್ರಿ ಬೀದಿ ಸುತ್ತುತ್ತಿದ್ದ ಕಾಲದಲ್ಲಿ ಬೀದಿನಾಯಿಗಳೇ ಅವರಿಗೆ ಜೊತೆಯಾಗಿದ್ದವು ಎಂಬುದು ತಿಳಿದ ಮೇಲೆ ಆ ಬೊಗಳು ಬೇರೆಯೇ ಆಗಿ ಕೇಳುತ್ತದೆ.

ಪ್ರಶ್ನೆ: ನಾನು ಚರ್ಚಿಗೆ ಹೋಗುವವನು. ಬೈಗುಳ, ಬಂದೂಕು, ಹೆಣ್ಣುಮಕ್ಕಳ ಬಗ್ಗೆ ಹೇಳಬಾರದ ಮಾತುಗಳು ತುಂಬಿದ ಹಾಡುಗಳ ಕೊನೆಯಲ್ಲಿ ಒಂದು ಪ್ರಾರ್ಥನೆ ಇಟ್ಟುಬಿಟ್ಟರೆ ಎಲ್ಲ ತೊಳೆದುಹೋಗುತ್ತದೆಯೇ? ಪವಿತ್ರ ಗ್ರಂಥದ ಹೆಸರನ್ನು ಇಂಥ ಆಲ್ಬಂಗೆ ಇಟ್ಟದ್ದು ನನಗೆ ನೋವುಂಟುಮಾಡಿತು.
(ಓದುಗರು, ಮಂಗಳೂರು)

ಉತ್ತರ: ನಿಮ್ಮ ನೋವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕನ್ನಡ ಬೈಬಲಿನಲ್ಲಿ ‘ವಿಮೋಚನಕಾಂಡ’ ಎಂದು ನಾವು ಓದುವ ಗ್ರಂಥದ ಇಂಗ್ಲಿಷ್ ಹೆಸರು ‘ಎಕ್ಸೋಡಸ್’. ಐಗುಪ್ತದ ದಾಸತ್ವದಿಂದ ಒಂದು ಜನಾಂಗ ಹೊರಟು ಬಂದ ಕಥೆ ಅದು. ಅಮೆರಿಕದ ಕಪ್ಪು ಜನ ಗುಲಾಮಗಿರಿಯ ಕಾಲದಿಂದಲೂ ಅದನ್ನು ತಮ್ಮದೇ ಕಥೆಯೆಂದು ಹಾಡಿಕೊಂಡು ಬಂದವರು. ಆದರೆ ಆಲ್ಬಂಗೆ ಈ ಹೆಸರು ಬಂದದ್ದು ನೇರವಾಗಿ ಗ್ರಂಥದಿಂದಲ್ಲ. ಡಿಎಂಎಕ್ಸ್ ಅವರ ಕಿರಿಯ ಮಗನ ಹೆಸರು ಎಕ್ಸೋಡಸ್. ಮಗನಿಗೆ ಗ್ರಂಥದ ಹೆಸರಿಟ್ಟರು, ಆಲ್ಬಂಗೆ ಮಗನ ಹೆಸರಿಟ್ಟರು. ಹತ್ತನೆಯ ಹಾಡಿನಲ್ಲಿ ಆ ಪುಟ್ಟ ಹುಡುಗನ ಹೆಸರೂ ಕಲಾವಿದರ ಪಟ್ಟಿಯಲ್ಲಿದೆ, ಅದರ ಮುಂದಿನ ತೀರಾ ಚಿಕ್ಕ ತುಣುಕಿಗೆ ಅವನದೇ ಹೆಸರು. ವ್ಯಾಪಾರಕ್ಕಾಗಿ ಪವಿತ್ರ ಹೆಸರನ್ನು ಬಳಸಿಕೊಂಡರೆಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಪ್ರಾರ್ಥನೆಯ ಮಾತು ಇನ್ನೂ ಗಂಭೀರವಾದದ್ದು. ಕೊನೆಯ ಆಲ್ಬಂಗೆಂದು ಯಾರೋ ಸೇರಿಸಿದ ಸಮಾಧಾನದ ತುಣುಕು ಅದಲ್ಲ. 1998ರ ಮೇ ತಿಂಗಳಲ್ಲಿ ಬಂದ ಮೊದಲ ಆಲ್ಬಂನಲ್ಲೇ ಅವರು ಪ್ರಾರ್ಥನೆ ಮಾಡಿದ್ದರು. ಮುಂದಿನ ಆಲ್ಬಂಗಳಲ್ಲೂ ಅದು ಮತ್ತೆ ಮತ್ತೆ ಬಂದಿತು. ಸಾವಿರಾರು ಜನ ಕುಣಿಯುತ್ತಿದ್ದ ವೇದಿಕೆಗಳಲ್ಲೂ ಸಂಗೀತ ನಿಲ್ಲಿಸಿ, ತಲೆ ತಗ್ಗಿಸಿ, ಅಳುತ್ತ ಪ್ರಾರ್ಥಿಸಿದ್ದರು. ಬೈಬಲನ್ನು ಅವರ ಕೈಗೆ ಕೊಟ್ಟವರು ಅಜ್ಜಿ. ಆ ಅಜ್ಜಿ ತೀರಿಕೊಂಡ ಮೇಲೆ 2001ರ ಆಲ್ಬಂನಲ್ಲಿ ಅವರಿಗಾಗಿಯೇ ಒಂದು ಹಾಡು ಬರೆದರು. ಅದೇ ಮೊದಲ ಆಲ್ಬಂನಲ್ಲಿ ಸೈತಾನನೊಬ್ಬ ಗೆಳೆಯನ ವೇಷದಲ್ಲಿ ಬಂದು ಪಿಸುಗುಟ್ಟುವ ಹಾಡೂ ಇದೆ. ಎರಡನ್ನೂ ಒಬ್ಬನೇ ಮನುಷ್ಯ, ಒಂದೇ ಉಸಿರಿನಲ್ಲಿ ಹೇಳಿದ. ಒಂದನ್ನು ಇನ್ನೊಂದರಿಂದ ತೊಳೆಯುವ ಪ್ರಯತ್ನ ಅವರ ಆಲ್ಬಂಗಳಲ್ಲಿ ನನಗೆ ಎಲ್ಲಿಯೂ ಕಂಡಿಲ್ಲ.

ಅವರ ಬದುಕಿನ ಒಂದು ಸಂಗತಿಯನ್ನು ಇಲ್ಲಿ ಹೇಳುವುದು ಅಗತ್ಯವೆಂದು ಭಾವಿಸುತ್ತೇನೆ. ಹದಿನಾಲ್ಕನೆಯ ವಯಸ್ಸಿನಲ್ಲಿ, ತಾನು ಗುರುವೆಂದು ನಂಬಿದ್ದ, ತನಗಿಂತ ದೊಡ್ಡವನಾದ ಒಬ್ಬ ರ‍್ಯಾಪರ್ ಕೈಗಿತ್ತ ಗಾಂಜಾ ಸುರುಳಿಯಲ್ಲಿ ಕ್ರ್ಯಾಕ್ ಕೊಕೇನ್ ಬೆರೆತಿತ್ತೆಂದು 2020ರ ಒಂದು ಸಂದರ್ಶನದಲ್ಲಿ ಅವರು ಹೇಳಿಕೊಂಡರು. ಒಂದು ಮಗುವಿಗೆ ಯಾರಾದರೂ ಯಾಕೆ ಹಾಗೆ ಮಾಡುತ್ತಾರೆ ಎಂದು ಕೇಳುವಾಗ, ಐವತ್ತರ ಹೊಸ್ತಿಲಲ್ಲಿದ್ದ ಆ ಮನುಷ್ಯನ ಕಣ್ಣು ತುಂಬಿ ಬಂದಿತ್ತು. ಆ ಚಟ ಅವರನ್ನು ಕೊನೆಯವರೆಗೂ ಬಿಡಲಿಲ್ಲ, ಹೃದಯಾಘಾತಕ್ಕೂ ಕೊಕೇನ್ ಕಾರಣವೆಂದೇ ವರದಿಯಾಯಿತು. ಇಷ್ಟು ತಿಳಿದು ಹದಿಮೂರನೆಯ ತುಣುಕನ್ನು ಕೇಳಿ. ಅಲ್ಲಿ ತಾಳವಿಲ್ಲ, ಅತಿಥಿಗಳಿಲ್ಲ. ಸವೆದ, ಬಿರುಕು ಬಿಟ್ಟ ಒಂದು ಗಂಡುದನಿ ತಂದೆಯೇ ಎಂದು ದೇವರನ್ನು ಕರೆದು ಮಾತಾಡುತ್ತದೆ. ಆಲ್ಬಂನ ಉಳಿದೆಲ್ಲ ಹಾಡುಗಳ ಭಾಷೆ ನಿಮಗೆ ಸಲ್ಲದು ಎಂದಾದರೆ ಬಿಟ್ಟುಬಿಡಿ; ಹೆಣ್ಣುಮಕ್ಕಳ ಬಗ್ಗೆ ಅವರಾಡಿದ ಕೆಲವು ಮಾತುಗಳನ್ನು ನಾನೂ ಸಮರ್ಥಿಸುವುದಿಲ್ಲ. ಈ ಎರಡು ನಿಮಿಷವನ್ನು ಮಾತ್ರ ನೀವು ಕೇಳಬೇಕೆಂಬುದು ನನ್ನ ಕೋರಿಕೆ.

ಪ್ರಶ್ನೆ: ನಾವು ವೈಟ್ ಪ್ಲೇನ್ಸ್ ಹತ್ತಿರ ವಾಸವಾಗಿರುವ ಕನ್ನಡಿಗರು. 2021ರ ಏಪ್ರಿಲ್ ಮೊದಲ ವಾರದಲ್ಲಿ ಆಸ್ಪತ್ರೆಯ ಹೊರಗೆ ಬೈಕುಗಳು, ಮೇಣದಬತ್ತಿ ಹಿಡಿದ ಜನ, ಜೋರಾಗಿ ಹಾಡು. ಒಬ್ಬ ಗಾಯಕನಿಗಾಗಿ ಇಷ್ಟು ಜನ ಯಾಕೆ ನಿಂತಿದ್ದಾರೆ ಎಂದು ಆಗ ನಮಗೆ ಅರ್ಥವಾಗಲಿಲ್ಲ. ಅವರು ಅಷ್ಟು ದೊಡ್ಡವರಾಗಿದ್ದರೇ? ಹಾಗಿದ್ದರೆ ಕೊನೆಯ ಆಲ್ಬಂ ಯಾಕೆ ಅಷ್ಟಾಗಿ ಓಡಲಿಲ್ಲ?
(ಓದುಗರು, ನ್ಯೂಯಾರ್ಕ್ ರಾಜ್ಯ)

ಉತ್ತರ: ದೊಡ್ಡವರಾಗಿದ್ದರು. ಅವರ ಮೊದಲ ಐದು ಆಲ್ಬಂಗಳೂ ಬಿಡುಗಡೆಯಾದ ವಾರವೇ ಅಮೆರಿಕದ ಆಲ್ಬಂ ಮಾರಾಟದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿದವು. ಅವರಿಗಿಂತ ಮೊದಲು ಯಾವ ಕಲಾವಿದರಿಗೂ ಅದು ಸಾಧ್ಯವಾಗಿರಲಿಲ್ಲ. 1998ರ ಒಂದೇ ವರ್ಷದಲ್ಲಿ ಅವರ ಎರಡು ಆಲ್ಬಂಗಳು ಬಂದವು. ಡಿಸೆಂಬರಿನಲ್ಲಿ ಬಂದ ಎರಡನೆಯದು ಮೊದಲ ವಾರದಲ್ಲೇ 6,70,000 ಪ್ರತಿ ಮಾರಾಟವಾಯಿತು. ‘ಎಕ್ಸೋಡಸ್’ ಮೊದಲ ವಾರದಲ್ಲಿ, ಆನ್‌ಲೈನಿನಲ್ಲಿ ಕೇಳಿದ್ದನ್ನೂ ಲೆಕ್ಕ ಹಿಡಿದು, 32,000ದಷ್ಟಕ್ಕೆ ನಿಂತು ಎಂಟನೆಯ ಸ್ಥಾನ ಪಡೆಯಿತು. ನಡುವೆ 2012ರ ಆಲ್ಬಂ ಬಿಟ್ಟರೆ ಬಹಳ ವರ್ಷ ಅವರದ್ದೆಂದು ಹೇಳಬಹುದಾದ ಸ್ಟುಡಿಯೋ ಆಲ್ಬಂ ಬರಲೇ ಇಲ್ಲ. 2015ರಲ್ಲಿ ಅವರ ಒಪ್ಪಿಗೆಯಿಲ್ಲದೆ ಬಂದು ವಿವಾದವಾದ ಒಂದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಷ್ಟರಲ್ಲಿ ಕೇಳುವ ತಲೆಮಾರು ಬದಲಾಗಿತ್ತು.

ಆದರೆ ನೀವು ಕಂಡ ಜನ ಮಾರಾಟದ ಅಂಕಿ ನೋಡಿ ಬಂದವರಲ್ಲ. 2018ರ ಮಾರ್ಚಿನಲ್ಲಿ ತೆರಿಗೆ ವಂಚನೆಯ ಪ್ರಕರಣದಲ್ಲಿ ಅವರಿಗೆ ಶಿಕ್ಷೆ ವಿಧಿಸುವ ಮೊದಲು, ಅವರ ವಕೀಲರು ಮ್ಯಾನ್‌ಹಟನ್ ನ್ಯಾಯಾಲಯದಲ್ಲಿ ನ್ಯಾಯಾಧೀಶರ ಎದುರು ಅವರದೇ ಒಂದು ಹಾಡನ್ನು ಹಾಕಿ ಕೇಳಿಸಿದರು. ಜಾರಿ ಬೀಳುತ್ತಿದ್ದೇನೆ, ಎದ್ದು ನಿಲ್ಲಲಾಗುತ್ತಿಲ್ಲ ಎಂದು ಹೇಳುವ, ಇಪ್ಪತ್ತು ವರ್ಷ ಹಳೆಯ ಹಾಡು ಅದು. ಇಪ್ಪತ್ತು ವರ್ಷ ಕಳೆದರೂ ಆ ಹಾಡೇ ತನ್ನ ಕಕ್ಷಿದಾರನ ಬದುಕನ್ನು ಹೇಳುತ್ತದೆ ಎಂದು ಒಬ್ಬ ವಕೀಲರಿಗೆ ಅನ್ನಿಸಬೇಕಾದರೆ, ಅದೇ ಹಾಡಿನಲ್ಲಿ ತಮ್ಮ ಬದುಕನ್ನು ಕಂಡವರು ಯಾಂಕರ್ಸ್‌ನಲ್ಲಿ, ಬ್ರೂಕ್ಲಿನ್‌ನಲ್ಲಿ ಎಷ್ಟು ಜನ ಇದ್ದಿರಬೇಕು ಯೋಚಿಸಿ. ಅವರಿಗೆ ಆಗ ಒಂದು ವರ್ಷದ ಜೈಲು ಶಿಕ್ಷೆಯಾಯಿತು.

ಆಸ್ಪತ್ರೆಯ ಮುಂದೆ ನೀವು ನೋಡಿದ ಬೈಕುಗಳಲ್ಲಿ ಹಲವು ಏಪ್ರಿಲ್ 24ರಂದು ಮತ್ತೆ ರಸ್ತೆಗಿಳಿದವು. ಆ ದಿನ ಯಾಂಕರ್ಸ್‌ನಿಂದ ಬ್ರೂಕ್ಲಿನ್‌ನ ಬಾರ್ಕ್ಲೇಸ್ ಸೆಂಟರ್‌ವರೆಗೆ ಅವರ ಕೆಂಪು ಶವಪೆಟ್ಟಿಗೆಯನ್ನು ಆಳೆತ್ತರದ ಚಕ್ರಗಳ ದೈತ್ಯ ಟ್ರಕ್ಕಿನ ಮೇಲಿಟ್ಟು, ಹಿಂದೆ ಮುಂದೆ ಬೈಕುಗಳ ದಂಡು ಮೊರೆಯುತ್ತ ಮೆರವಣಿಗೆ ಮಾಡಿದರು. ನಮ್ಮ ಕಡೆ ಹಿರಿಯರ ಕೊನೆಯ ಯಾತ್ರೆಗೆ ಹಲಗೆ ಬಡಿಯುವವರು ಮುಂದೆ ನಡೆಯುತ್ತಾರಲ್ಲ, ಅದು ನೆನಪಾಯಿತು ನನಗೆ ಆ ದೃಶ್ಯ ನೋಡಿ.

ಪ್ರಶ್ನೆ: ನನಗೆ ಇಂಗ್ಲಿಷ್ ಹಾಡು ಅಷ್ಟಾಗಿ ತಿಳಿಯುವುದಿಲ್ಲ. ಹದಿನೇಳು ವರ್ಷದ ನನ್ನ ಮಗ ಮೊನ್ನೆ ರಾತ್ರಿ ಅಡುಗೆಮನೆಗೆ ಬಂದು, “ಅಮ್ಮಾ, ಇದೊಂದು ಕೇಳು” ಎಂದು ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗಿಟ್ಟ. ಆ ಹಾಡಿನ ಹೆಸರು ‘ಲೆಟರ್ ಟು ಮೈ ಸನ್’ ಅಂತೆ. ಅವನೂ ಅವನ ಅಪ್ಪನೂ ಮಾತು ಬಿಟ್ಟು ಎಂಟು ತಿಂಗಳಾಯಿತು. ಆ ಹಾಡಿನಲ್ಲಿ ಏನಿದೆ, ದಯವಿಟ್ಟು ತಿಳಿಸುವಿರಾ?
(ಓದುಗರು, ಶಿವಮೊಗ್ಗ)

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ನಾನು ಮೂರು ಸಲ ಓದಿದೆ.

ಅದು ಆಲ್ಬಂನ ಹನ್ನೆರಡನೆಯ ಹಾಡು. ಹಿಂದಿನ ಹಾಡುಗಳಲ್ಲಿ ಎದೆಗೆ ಗುದ್ದುವ ಬೀಟ್ ಇದ್ದರೆ, ಇದರಲ್ಲಿ ಗಿಟಾರೂ ಪಿಟೀಲೂ ಮುಂದಿವೆ. ಪಿಟೀಲು ನುಡಿಸಿದವರು ಬ್ರಯನ್ ಕಿಂಗ್ ಜೋಸೆಫ್ ಎಂಬ ಕಲಾವಿದರು. ಪಲ್ಲವಿಯನ್ನು ಹಾಡುವವರು ಅಷರ್. ಬೊಗಳುವ, ಗುಡುಗುವ ದನಿಯೆಂದೇ ಹೆಸರಾದ ಡಿಎಂಎಕ್ಸ್ ಇಲ್ಲಿ ಮಾತನ್ನು ತಗ್ಗಿಸಿಕೊಂಡಿದ್ದಾರೆ. ದೊಡ್ಡವನಾಗಿ ತನ್ನಿಂದ ದೂರವಾದ ಮಗನಿಗೆ ತಂದೆಯೊಬ್ಬ ಬರೆದ ಪತ್ರ ಇದು. ತಾನು ತಪ್ಪು ಮಾಡಿದ್ದೇನೆ ಎಂದು ಆ ತಂದೆ ಒಪ್ಪಿಕೊಳ್ಳುತ್ತಾನೆ, ತನ್ನ ಚಟವನ್ನು ಮುಚ್ಚಿಡುವುದಿಲ್ಲ, ಮಗನ ಸಿಟ್ಟನ್ನು ತಪ್ಪೆನ್ನುವುದಿಲ್ಲ. ಮಾತು ನಿಂತುಹೋದದ್ದರ ಸಂಕಟವನ್ನು ಹೇಳಿಕೊಂಡು, ಮತ್ತೆ ಮಾತನಾಡೋಣ ಎಂದು ಕೇಳಿಕೊಳ್ಳುತ್ತಾನೆ. ಹಾಡಿನ ಹೆಸರಿನ ಜೊತೆ ಆವರಣದಲ್ಲಿ ಇನ್ನೂ ಮೂರು ಪದಗಳಿವೆ. ಕನ್ನಡದಲ್ಲಿ ಹೇಳಿದರೆ, ‘ನಿನ್ನ ಅಪ್ಪನಿಗೆ ಫೋನ್ ಮಾಡು’ ಎಂದು. ಹಾಡು ಜನರನ್ನು ತಲುಪುವ ಹೊತ್ತಿಗೆ ಆ ಫೋನ್ ಎತ್ತಲು ತಂದೆ ಇರಲಿಲ್ಲ.

ನಿಮ್ಮ ಮಗ ಇದನ್ನು ಯಾಕೆ ನಿಮಗೆ ಕೇಳಿಸಿದ ಎಂದು ನಾನು ದೂರದಿಂದ ಹೇಳುವುದು ಸರಿಯಾಗದು. ಅಪ್ಪನಿಗೆ ಕೇಳಿಸಬೇಕಾದ್ದನ್ನು ಅಮ್ಮನ ಕಿವಿಗಿಟ್ಟಿರಬಹುದು, ಅಥವಾ ಈ ಹಾಡಿನ ತಂದೆ ಹೇಳುವ ಮಾತನ್ನು ತನ್ನ ಅಪ್ಪ ಹೇಳಲಿ ಎಂದು ಕಾಯುತ್ತಿರಬಹುದು. ಅವನನ್ನೇ ಕೇಳಿ, ಆದರೆ ಅವನಪ್ಪನ ಎದುರಿಗಲ್ಲ, ಅವನು ಮತ್ತೆ ಅಡುಗೆಮನೆಗೆ ಬಂದಾಗ ಕೇಳಿ. ಒಂದೊಂದೇ ಸಾಲು ನಿಲ್ಲಿಸಿ ಅರ್ಥ ಹೇಳೆಂದು ಕೂರಿಸಿಕೊಳ್ಳಿ. ಹದಿನೇಳರ ಹುಡುಗನಿಗೆ ತನ್ನ ಮಾತನ್ನು ನೇರವಾಗಿ ಹೇಳುವುದಕ್ಕಿಂತ ಇನ್ನೊಬ್ಬರ ಹಾಡಿಗೆ ಅರ್ಥ ಹೇಳುವುದು ಸುಲಭ. ಮುಂದಿನ ಪ್ರಾರ್ಥನೆಯ ತುಣುಕನ್ನೂ ಹಾಕೆಂದು ಹೇಳಿ. ಅದರಲ್ಲಿ ವಾದ್ಯದ ಗದ್ದಲವಿಲ್ಲದಿರುವುದರಿಂದ ಮಾತು ನಿಮಗೂ ಬಹುಮಟ್ಟಿಗೆ ತಿಳಿಯುತ್ತದೆ.